ದುಡ್ಡಿಲ್ಲದವರ ಕತ್ತಲೆ

ಪ್ರಶ್ನೆ: ಸರ್, ನನಗೆ ಕ್ರೈಂ ಸಿನಿಮಾ ಅಂದ್ರೆ ಪ್ರಾಣ. ಎರಡನೇ ಮಹಾಯುದ್ಧ ಮುಗಿದ ಕಾಲದ ಅಮೆರಿಕದ ‘ಫಿಲ್ಮ್ ನ್ವಾರ್’ ಅನ್ನೋ ಕತ್ತಲೆ ತುಂಬಿದ ಕ್ರೈಂ ಸಿನಿಮಾಗಳನ್ನ ನೋಡಲೇಬೇಕು, ಅದರಲ್ಲೂ ಕಡಿಮೆ ಬಜೆಟ್ಟಿನವು ಅದ್ಭುತ ಅಂತ ಹೇಳ್ತಾರೆ. ಯೂಟ್ಯೂಬ್‌ನಲ್ಲಿ ‘ಡಿಟೂರ್’ ನೋಡಿದೆ. ಚಿತ್ರ ಮಸುಕು ಮಸುಕು. ಕಾರು ನಿಂತೇ ಇದೆ, ಹಿಂದೆ ಪರದೆ ಮೇಲೆ ರಸ್ತೆ ಓಡ್ತಿದೆ ಅಂತ ಗೊತ್ತಾಗುತ್ತೆ. ಕತೆಯಲ್ಲಿ ಎಲ್ಲವೂ ಆಕಸ್ಮಿಕ. ಒಂದು ಕಡೆ ಕಾರಿನ ಸ್ಟೀರಿಂಗ್ ಬಲಗಡೆ ಇತ್ತು! ಅಮೆರಿಕದಲ್ಲಿ ಎಡಗಡೆ ಇರಬೇಕಲ್ವಾ? ಇದನ್ನೆಲ್ಲ ಹೊಗಳೋದು ಸುಮ್ನೆ ಫ್ಯಾಷನ್ನಾ, ಇಲ್ಲಾ ನನಗೇ ನೋಡೋಕೆ ಬರ್ತಿಲ್ವಾ? ಎಲ್ಲಿಂದ ಶುರು ಮಾಡಲಿ? ಅಮ್ಮನ ಜೊತೆ ಕೂತು ನೋಡಬಹುದಾ?

ಉತ್ತರ: ಸ್ಟೀರಿಂಗ್ ಗಮನಿಸಿದಿರಲ್ಲ, ನಿಮಗೆ ನೋಡೋಕೆ ಚೆನ್ನಾಗಿಯೇ ಬರುತ್ತೆ. ನಮ್ಮ ಕಾರುಗಳಲ್ಲಿ ಸ್ಟೀರಿಂಗ್ ಬಲಗಡೆಯೇ ಇರುವುದರಿಂದ ನಮ್ಮಲ್ಲಿ ಎಷ್ಟೋ ಜನರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ಅಲ್ಲಿ ಆಗಿರುವುದು ಇಷ್ಟು. ಕಥಾನಾಯಕ ಆಲ್ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ದಾರಿಯಲ್ಲಿ ಸಿಕ್ಕವರ ಕಾರು ಹತ್ತಿಕೊಂಡು ಹೊರಟವನು. ಭೂಪಟದಲ್ಲಿ ಅದು ಬಲದಿಂದ ಎಡಕ್ಕೆ. ತೆರೆಯ ಮೇಲೂ ಅವನು ಬಲದಿಂದ ಎಡಕ್ಕೇ ಸಾಗಬೇಕು ಅಂತ ಕೆಲವು ಶಾಟ್‌ಗಳ ನೆಗೆಟಿವ್ ಅನ್ನು ಮಗುಚಿ ಹಾಕಿದರು ಅನ್ನುತ್ತಾರೆ. ದಿಕ್ಕು ಸರಿಹೋಯಿತು, ಸ್ಟೀರಿಂಗ್ ಬಲಕ್ಕೆ ಬಂತು. ರಸ್ತೆಗೆ ವಾಪಸ್ ಹೋಗಿ ಮತ್ತೆ ಶೂಟ್ ಮಾಡುವುದಕ್ಕಿಂತ ಮಗುಚುವುದು ಅಗ್ಗ.

ಈ ಸಿನಿಮಾಗಳನ್ನು ನಾನು ನೋಡುವ ಬಗೆಯೂ ಇದೇ. ಪ್ರತಿ ದೃಶ್ಯದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕೈತುಂಬ ದುಡ್ಡಿದ್ದಿದ್ದರೆ ಏನು ತೋರಿಸುತ್ತಿದ್ದರು? ದುಡ್ಡಿಲ್ಲದ್ದಕ್ಕೆ ಏನು ಮಾಡಿದರು? ಕೆಲವು ಕಡೆ ಬರೀ ತೇಪೆ ಕಾಣುತ್ತದೆ. ಸ್ಟೀರಿಂಗ್ ಅಂಥ ತೇಪೆ. ಇನ್ನು ಕೆಲವು ಕಡೆ, ದುಡ್ಡಿದ್ದವರಿಗೆ ಹೊಳೆಯದೇ ಇದ್ದದ್ದು ಇವರಿಗೆ ಹೊಳೆದಿರುತ್ತದೆ. ‘ಪಾಪ, ಬಡವರ ಸಿನಿಮಾ’ ಅಂತ ರಿಯಾಯಿತಿ ಕೊಟ್ಟು ನೋಡಬೇಡಿ. ರಿಯಾಯಿತಿ ಕೊಟ್ಟರೆ ತೇಪೆ ಯಾವುದು, ಕಸುಬು ಯಾವುದು ಅಂತ ಬೇರೆ ಮಾಡೋಕೆ ಆಗುವುದಿಲ್ಲ.

‘ಡಿಟೂರ್’ನಲ್ಲೇ ನೋಡಿ. 1945ರದ್ದು. ನಿರ್ದೇಶಕ ಎಡ್ಗರ್ ಉಲ್ಮರ್, ಯುರೋಪಿನಿಂದ ಬಂದವರು. ತಯಾರಿಸಿದ್ದು ಪಿ.ಆರ್.ಸಿ. ಎಂಬ ಪುಟ್ಟ ಸ್ಟುಡಿಯೊ. ಇಂಥ ಸ್ಟುಡಿಯೊಗಳಿಗೆಲ್ಲ ಸೇರಿಸಿ ಹಾಲಿವುಡ್‌ನವರು ‘ಪಾವರ್ಟಿ ರೋ’ ಅನ್ನುತ್ತಿದ್ದರು. ಬಡವರ ಕೇರಿ ಅಂತಿಟ್ಟುಕೊಳ್ಳಿ. ಆರು ದಿನದಲ್ಲಿ ಚಿತ್ರ ಮುಗಿಸಿದೆ ಅಂತ ಉಲ್ಮರ್ ಆಮೇಲೆ ಹೇಳಿಕೊಂಡರು. ಹಳೆಯ ದಾಖಲೆ ಕೆದಕಿದವರು ಅದಕ್ಕಿಂತ ಜಾಸ್ತಿ ದಿನ ಹಿಡಿದಿದೆ ಅನ್ನುತ್ತಾರೆ. ಎರಡು ವಾರ ಅಂತಲೇ ಹಿಡಿಯಿರಿ, ಆಗಲೂ ಅದು ಅವಸರದ ಅಡುಗೆಯೇ.

ಆಲ್ ಮತ್ತು ಅವನ ಹುಡುಗಿ ನ್ಯೂಯಾರ್ಕಿನಲ್ಲಿ ರಾತ್ರಿ ನಡೆದು ಹೋಗುವ ದೃಶ್ಯ ನೆನಪಿದೆಯಾ? ತುಂಬಾ ಮಂಜು. ಬೀದಿದೀಪ. ಬೀದಿಯ ಹೆಸರಿನ ಒಂದೆರಡು ಫಲಕ. ಅಷ್ಟೇ ನ್ಯೂಯಾರ್ಕ್! ಬೀದಿಯ ಸೆಟ್ಟು ಹಾಕಲು ಕಾಸಿಲ್ಲ, ಅದಕ್ಕೆ ಹೊಗೆ ಬಿಟ್ಟರು. ಆದರೆ ಆ ದೃಶ್ಯದಲ್ಲಿ ಮಾತು ಏನು ನಡೆಯುತ್ತಿದೆ? ಹುಡುಗಿ ಇವನನ್ನು ಬಿಟ್ಟು ಹಾಲಿವುಡ್‌ಗೆ ಹೊರಟಿದ್ದಾಳೆ. ಇವನಿಗೆ ಮುಂದಿನ ದಾರಿಯೇ ಕಾಣುತ್ತಿಲ್ಲ. ಮಂಜು ಅಲ್ಲಿ ಕತೆಯ ಕೆಲಸವನ್ನೂ ಮಾಡುತ್ತದೆ.

ಈಗ ನಿಮ್ಮ ದೊಡ್ಡ ದೂರಿಗೆ ಬರುತ್ತೇನೆ, ಎಲ್ಲವೂ ಆಕಸ್ಮಿಕ ಅಂದಿರಲ್ಲ. ಆ ಕತೆಯನ್ನು ನಮಗೆ ಹೇಳುತ್ತಿರುವವನು ಯಾರು? ಆಲ್. ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಾನೆ. ಕಾರಿನ ಯಜಮಾನ ತಾನಾಗಿಯೇ ಸತ್ತ. ಬಾಗಿಲು ತೆಗೆದೆ, ಬಿದ್ದ, ತಲೆಗೆ ಕಲ್ಲು ತಗುಲಿತು. ನಾನೇನೂ ಮಾಡಲಿಲ್ಲ. ನೀವು ನಂಬಲ್ಲ ಅಂತ ಗೊತ್ತು. ಹೀಗೆ ಸಾಗುತ್ತದೆ ಅವನ ವರಸೆ. ಸತ್ತವನ ದುಡ್ಡು, ಬಟ್ಟೆ, ಕಾರು, ಹೆಸರು ಎಲ್ಲ ಈಗ ಆಲ್ ಹತ್ತಿರ. ಮುಂದೆ ಮುಚ್ಚಿದ ಬಾಗಿಲ ಆಚೆ ಟೆಲಿಫೋನ್ ತಂತಿ ಎಳೆದಾಗ, ದಾರಿಯಲ್ಲಿ ಅವನ ಕಾರು ಹತ್ತಿದ ವೆರಾ ಸಾಯುತ್ತಾಳೆ. ಅದೂ ಆಕಸ್ಮಿಕ!

ಪೊಲೀಸ್ ಠಾಣೆಯಲ್ಲಿ ಒಬ್ಬ ಕೂತು ಇದೇ ಕತೆ ಹೇಳಿದರೆ ಇನ್‌ಸ್ಪೆಕ್ಟರ್ ಏನಂದುಕೊಳ್ಳುತ್ತಾರೋ, ನೀವೂ ಹಾಗೇ ಕೇಳಿಸಿಕೊಳ್ಳಿ. ಆಗ ಆಕಸ್ಮಿಕಗಳೆಲ್ಲ ಚಿತ್ರಕತೆಯ ದೋಷದಂತೆ ಕಾಣದೆ, ಆಲ್‌ನ ಬಾಯಿಂದ ಬರುವ ನೆಪಗಳಂತೆ ಕೇಳಿಸುತ್ತವೆ. ನಿಜವಾಗಿ ಏನಾಯಿತು ಅಂತ ಸಿನಿಮಾ ಹೇಳುವುದೇ ಇಲ್ಲ. ಎರಡನೇ ಸಲ ನೋಡಿದಾಗ ಅವನ ದನಿ ಕೇಳಿಯೇ ನನಗೆ ಮೈ ಜುಮ್ಮೆಂದಿತ್ತು. ಮೊದಲ ಸಲ? ನಿಮ್ಮ ಹಾಗೆಯೇ ಆಕಳಿಸಿದ್ದೆ.

ಇನ್ನು ವೆರಾ ಆಗಿರುವ ಆ್ಯನ್ ಸ್ಯಾವೇಜ್ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ, ಅದು ಅನ್ಯಾಯ. ಅರ್ಧ ಸಿನಿಮಾ ಆದಮೇಲೆ ಬರುತ್ತಾಳೆ. ಜಿಡ್ಡು ಕೂದಲು, ಕೆಮ್ಮು, ಬೆಂಕಿಯಂಥ ಬಾಯಿ. ದೊಡ್ಡ ಸ್ಟುಡಿಯೊ ಆಗಿದ್ದರೆ ಅವಳಿಗೆ ರೇಷ್ಮೆ ಗೌನು ತೊಡಿಸಿ, ಕೈಗೆ ಸಿಗರೇಟು ಕೊಟ್ಟು ಮಿಂಚಿಸುತ್ತಿದ್ದರು. ಇಲ್ಲಿ ಅವಳು ಎರಡು ದಿನ ಊಟ ಕಾಣದವಳ ಹಾಗಿದ್ದಾಳೆ. ಕಾರಿನಲ್ಲಿ ಕಣ್ಣು ಮುಚ್ಚಿ ಒರಗಿದ್ದವಳು ತಟ್ಟನೆ ತಿರುಗಿ ಆಲ್‌ನನ್ನು ಕೇಳುತ್ತಾಳಲ್ಲ, ಹೆಣ ಎಲ್ಲಿ ಹಾಕಿದೆ ಅಂತ! ಆ ಒಂದು ತಿರುವಿಗೆ ನಾನು ಇಡೀ ಸಿನಿಮಾದ ಮಂಜನ್ನೂ ತೇಪೆಯನ್ನೂ ಸಹಿಸಿಕೊಂಡೇನು.

ಸರಿ, ಬಡವರ ಕೇರಿಯಲ್ಲಿ ಇಷ್ಟು ಸ್ವಾತಂತ್ರ್ಯ ಹೇಗಿತ್ತು? ಇಲ್ಲಿ ಸ್ವಲ್ಪ ವ್ಯಾಪಾರದ ಲೆಕ್ಕ ತಿಳಿದಿರಬೇಕು. ಆಗ ಅಮೆರಿಕದಲ್ಲಿ ಒಂದು ಟಿಕೆಟ್ಟಿಗೆ ಎರಡು ಸಿನಿಮಾ. ತಾರೆಯರಿರುವ ದೊಡ್ಡ ಚಿತ್ರ ಒಂದು, ಜೊತೆಗೆ ಸಣ್ಣದೊಂದು. ದೊಡ್ಡದು ‘ಎ’, ಸಣ್ಣದು ‘ಬಿ’. ದೊಡ್ಡ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯ ಗಳಿಕೆಯಲ್ಲಿ ಪಾಲು. ಸಣ್ಣದಕ್ಕೆ ಸಾಮಾನ್ಯವಾಗಿ ಇಷ್ಟೇ ಅಂತ ಗೊತ್ತು ಮಾಡಿದ ಬಾಡಿಗೆ. ಹೌಸ್‌ಫುಲ್ ಆದರೂ ಅಷ್ಟೇ, ನೊಣ ಹೊಡೆದರೂ ಅಷ್ಟೇ.

ಅಂದರೆ ಸಿನಿಮಾ ಚೆನ್ನಾಗಿ ಬಂದರೆ ನಿರ್ಮಾಪಕರಿಗೆ ಲಾಭ ಹೆಚ್ಚಾಗುವುದಿಲ್ಲ. ಬೇಗ ಮುಗಿದು ಖರ್ಚು ಉಳಿದರಷ್ಟೇ ಲಾಭ. ಕೇಳೋಕೆ ಬೇಜಾರಿನ ವ್ಯವಸ್ಥೆ. ಆದರೆ ನಿರ್ದೇಶಕರ ಕಡೆಯಿಂದ ನೋಡಿ. ಹೇಳಿದ ದಿನಕ್ಕೆ, ಹೇಳಿದ ದುಡ್ಡಿಗೆ ಮುಗಿಸಿಕೊಟ್ಟರೆ ಸಾಕು, ಒಳಗೆ ಏನು ತುಂಬಿದ್ದೀರಿ ಅಂತ ಯಾರೂ ಹೆಚ್ಚು ತಲೆಹಾಕುವುದಿಲ್ಲ. ನಾಯಕ ಸೋಲಬಹುದು, ನಾಯಕಿ ಕೆಟ್ಟವಳಾಗಿರಬಹುದು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೊಡ್ಡ ಸ್ಟುಡಿಯೊಗಳ ಏಕಸ್ವಾಮ್ಯದ ವಿರುದ್ಧ ತೀರ್ಪು ಕೊಟ್ಟಿತು. ಆಮೇಲೆ ಟಿವಿಯೂ ಬಂತು. ಈ ಜೋಡಿ ಸಿನಿಮಾ ಪದ್ಧತಿ ನಿಧಾನಕ್ಕೆ ಕರಗಿತು. ಹಾಗಾಗಿ ನಾವು ಮಾತಾಡುತ್ತಿರುವುದು ಹತ್ತು ಹದಿನೈದು ವರ್ಷಗಳ ಒಂದು ಸಣ್ಣ ಕಿಂಡಿಯ ಬಗ್ಗೆ.

‘ನ್ವಾರ್’ ಅನ್ನುವ ಹೆಸರು ಕೂಡ ಅವರು ಇಟ್ಟುಕೊಂಡದ್ದಲ್ಲ. ಅದು ಫ್ರೆಂಚ್ ಪದ, ಕಪ್ಪು ಅಂತ ಅರ್ಥ. ಜರ್ಮನರ ಹಿಡಿತದಲ್ಲಿದ್ದಷ್ಟು ದಿನ ಪ್ಯಾರಿಸ್‌ಗೆ ಅಮೆರಿಕದ ಸಿನಿಮಾ ಬರುತ್ತಿರಲಿಲ್ಲ. 1946ರಲ್ಲಿ ಒಟ್ಟಿಗೇ ಬಂದವು. ನೋಡಿದ ವಿಮರ್ಶಕ ನಿನೊ ಫ್ರಾಂಕ್, ಇವೇನಪ್ಪ ಇಷ್ಟು ಕಪ್ಪು ಅಂತ ಬರೆದರು. ಅವರು ನೋಡಿದ್ದು ದೊಡ್ಡ ಸ್ಟುಡಿಯೊಗಳ ಚಿತ್ರಗಳು. ಬಡವರ ಕೇರಿಯವರು ಆಗ ಕೆಲಸದಲ್ಲಿ ಮುಳುಗಿದ್ದರು. ಅವರ ಮಟ್ಟಿಗೆ ಅದು ಇನ್ನೊಂದು ಕ್ರೈಂ ಪಿಕ್ಚರ್, ಅಷ್ಟೇ.

ಹಾಗಾದರೆ ಅಷ್ಟು ಕತ್ತಲೆ ಯಾಕೆ? ಕತ್ತಲೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಯುದ್ಧದ ಕಾಲದಲ್ಲಿ ಸರ್ಕಾರ ಒಂದು ಸಿನಿಮಾದ ಸೆಟ್ಟುಗಳಿಗೆ 5,000 ಡಾಲರ್‌ಗಿಂತ ಜಾಸ್ತಿ ಹೊಸ ಸಾಮಗ್ರಿ ಬಳಸಬಾರದು ಅಂತ ಕಟ್ಟುಪಾಡು ಹಾಕಿತ್ತು. ಹಳೇ ಸೆಟ್ಟನ್ನೇ ಬೇರೆ ಥರ ಕಾಣಿಸಬೇಕಾದರೆ ಮುಕ್ಕಾಲು ಭಾಗ ಕತ್ತಲಲ್ಲಿ ಮುಳುಗಿಸುವುದು ಒಳ್ಳೇ ಉಪಾಯ. ಆದರೆ ಸುಮ್ನೆ ಲೈಟು ಆರಿಸಿದರೆ ನ್ವಾರ್ ಆಗುವುದಿಲ್ಲ, ಕರೆಂಟು ಹೋದ ಮನೆ ಆಗುತ್ತದೆ! ಯಾವ ಒಂದು ಲೈಟು ಉಳಿಸಬೇಕು, ಎಲ್ಲಿ ಇಡಬೇಕು ಅನ್ನುವುದೇ ಕಸುಬು.

ಆ ಕಸುಬು ನೋಡಬೇಕೆಂದರೆ ಜಾನ್ ಆಲ್ಟನ್ ಕ್ಯಾಮೆರಾ ಹಿಡಿದ ಸಿನಿಮಾಗಳನ್ನು ನೋಡಿ. ಹಂಗೇರಿಯಲ್ಲಿ ಹುಟ್ಟಿದವರು. ಕಡಿಮೆ ಲೈಟು, ಬೇಗ ಕೆಲಸ. ನಿರ್ದೇಶಕ ಆ್ಯಂಟನಿ ಮ್ಯಾನ್ ಜೊತೆ ಸೇರಿ ಈಗಲ್-ಲಯನ್ ಎಂಬ ಸಣ್ಣ ಸಂಸ್ಥೆಗೆ ‘ಟಿ-ಮೆನ್’ (1947), ‘ರಾ ಡೀಲ್’ (1948) ಮಾಡಿಕೊಟ್ಟರು. ‘ಟಿ-ಮೆನ್’ ಶುರುವಿನಲ್ಲಿ ಸರ್ಕಾರಿ ಭಾಷಣ ಇದೆ, ನಿವೃತ್ತ ಅಧಿಕಾರಿಯೊಬ್ಬರು ಮೇಜಿನ ಮುಂದೆ ಕೂತು ಉಪದೇಶ ಕೊಡುತ್ತಾರೆ. ಹಲ್ಲು ಕಚ್ಚಿ ಸಹಿಸಿ. ಆಮೇಲೆ ಹಬೆ ಕೋಣೆಯಲ್ಲಿ ಒಬ್ಬನನ್ನು ಕೂಡಿಹಾಕಿ ಕೊಲ್ಲುವ ದೃಶ್ಯ ಬರುತ್ತದೆ. ಹಬೆ, ಒಂದು ಗಾಜು, ಗಾಜಿನ ಆಚೆ ಒಂದು ಮುಖ. ಖರ್ಚು ಏನೂ ಇಲ್ಲ, ಆದರೂ ನೋಡಿದಮೇಲೆ ಮರೆಯಲ್ಲ.

‘ರಾ ಡೀಲ್’ ಇನ್ನೂ ವಿಚಿತ್ರ. ಇಂಥ ಸಿನಿಮಾಗಳಲ್ಲಿ ಕತೆ ಹೇಳುವ ದನಿ ಸಾಮಾನ್ಯವಾಗಿ ಗಂಡಸಿನದು. ಇಲ್ಲಿ ಹೆಂಗಸಿನದು. ಹಡಗಿನ ಕೋಣೆಯಲ್ಲಿ ಅವಳ ಮುಖ ಗೋಡೆ ಗಡಿಯಾರದ ಗಾಜಿನಲ್ಲಿ ಪ್ರತಿಫಲಿಸುತ್ತದೆ, ಮುಳ್ಳು ಸರಿಯುತ್ತಿರುತ್ತದೆ. ನಿಜ ಹೇಳಲೋ ಬೇಡವೋ ಅಂತ ಒಳಗೇ ಕುದಿಯುತ್ತಿದ್ದಾಳೆ. ನಟಿ ಕ್ಲೇರ್ ಟ್ರೆವರ್. ಈ ಗುಂಪಿನಲ್ಲಿ ನನಗೆ ಅತಿ ಪ್ರಿಯವಾದ ಶಾಟ್ ಅದು.

ಆಲ್ಟನ್ ಅವರೇ ತೆಗೆದ ‘ಹಿ ವಾಕ್ಡ್ ಬೈ ನೈಟ್’ (1948) ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಮಳೆನೀರಿನ ಸುರಂಗಗಳಲ್ಲಿ ಬೆನ್ನಟ್ಟುವ ದೃಶ್ಯವಿದೆ. ಪೊಲೀಸರ ಕೈಯ ಟಾರ್ಚುಗಳ ಬೆಳಕೇ ಅಲ್ಲಿನ ಆಟ. ಬ್ರಿಟನ್ನಿನ ಪ್ರಸಿದ್ಧ ‘ದಿ ಥರ್ಡ್ ಮ್ಯಾನ್’ ಚರಂಡಿ ದೃಶ್ಯ ಬಂದದ್ದು ಅದರ ಮುಂದಿನ ವರ್ಷ. ಇನ್ನು ‘ದಿ ಬಿಗ್ ಕಾಂಬೊ’ (1955). ಕೊನೆಗೆ ವಿಮಾನ ನಿಲ್ದಾಣ. ಮಂಜು, ಸುತ್ತುವ ಒಂದು ಬೆಳಕು, ಎರಡು ಕಪ್ಪು ಆಕೃತಿ. ಹತ್ತು ವರ್ಷ ಹಿಂದೆ ಉಲ್ಮರ್ ಬಳಸಿದ ಅದೇ ಹೊಗೆ, ಅದೇ ಕಾರಣ. ಆದರೆ ಇಲ್ಲಿ ತೇಪೆಯ ನೂಲೂ ಕಾಣುವುದಿಲ್ಲ. ಅದೇ ಸಿನಿಮಾದಲ್ಲಿ ಕಿವಿ ಸರಿಯಾಗಿ ಕೇಳದ ಒಬ್ಬ ರೌಡಿಯನ್ನು ಕೊಲ್ಲುವಾಗ, ಬಾಸ್ ಅವನ ಕಿವಿಯ ಯಂತ್ರ ಕಿತ್ತುಕೊಳ್ಳುತ್ತಾನೆ. ತಕ್ಷಣ ನಮಗೂ ಸದ್ದು ನಿಂತುಹೋಗುತ್ತದೆ. ಬಂದೂಕಿನ ಬಾಯಲ್ಲಿ ಬೆಂಕಿ ಮಾತ್ರ ಕಾಣುತ್ತದೆ. ಸದ್ದು ತೆಗೆದುಹಾಕೋಕೆ ಎಷ್ಟು ಖರ್ಚು ಹೇಳಿ!

ಈ ಕಡೆ ನಮ್ಮವರ ಒಂದು ನಂಟೂ ಇದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಹೋದ ವಿ.ಕೆ. ಮೂರ್ತಿ ಅವರು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ ಜೊತೆ ಕೆಲಸ ಮಾಡಿದರು. ಗುರುದತ್ ನಿರ್ಮಾಣದ ‘ಸಿ.ಐ.ಡಿ.’ (1956) ಮೂರ್ತಿಯವರ ಕ್ಯಾಮೆರಾದಲ್ಲಿ ಬಂದ ಚಿತ್ರ. ಅದರ ರಾತ್ರಿ ದೃಶ್ಯಗಳನ್ನು ‘ಟಿ-ಮೆನ್’ ಪಕ್ಕ ಇಟ್ಟು ನೋಡಿ, ಬೇರೆ ಖಂಡದ ಸೋದರರ ಹಾಗೆ ಕಾಣುತ್ತವೆ. ಮೂರ್ತಿಯವರಿಗೆ 2008ರ ಫಾಲ್ಕೆ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ.

ಈಗ ಎಲ್ಲಿಂದ ಶುರು ಮಾಡಬೇಕು ಅಂದಿರಿ. ‘ಡಿಟೂರ್’ನಿಂದ ಬೇಡ. ಅದು ಸ್ವಲ್ಪ ರುಚಿ ಹತ್ತಿದಮೇಲೆ ನೋಡುವ ಸಿನಿಮಾ.

‘ದಿ ನ್ಯಾರೋ ಮಾರ್ಜಿನ್’ (1952) ಮೊದಲು ನೋಡಿ. ರಿಚರ್ಡ್ ಫ್ಲೈಷರ್ ನಿರ್ದೇಶನ. ಬರೀ 71 ನಿಮಿಷ. ನಮ್ಮ ಕೆಲವು ಸಿನಿಮಾಗಳಲ್ಲಿ ಇಂಟರ್ವಲ್‌ಗೂ ಮುಂಚೆ ಮುಗಿದುಹೋಗುತ್ತದೆ. ರೌಡಿಯೊಬ್ಬನ ವಿಧವೆಯನ್ನು ಸಾಕ್ಷಿ ಹೇಳಿಸಲು ಶಿಕಾಗೊದಿಂದ ಲಾಸ್ ಏಂಜಲೀಸ್‌ಗೆ ರೈಲಿನಲ್ಲಿ ಕರೆದೊಯ್ಯುವ ಪೊಲೀಸು, ಅದೇ ರೈಲಿನಲ್ಲಿ ಅವಳನ್ನು ಕೊಲ್ಲಲು ಬಂದವರು. ಇಷ್ಟೇ ಕತೆ. ರೈಲಿನ ಸೆಟ್ಟನ್ನು ಅಲುಗಾಡಿಸುವ ಯಂತ್ರ ದುಬಾರಿ. ಅದಕ್ಕೆ ಸೆಟ್ಟನ್ನು ನೆಲಕ್ಕೆ ಬಿಗಿದು, ಕ್ಯಾಮೆರಾವನ್ನೇ ಕೈಯಲ್ಲಿ ಹಿಡಿದು ಅಲುಗಾಡಿಸಿದರು. ಹಿನ್ನೆಲೆ ಸಂಗೀತವೂ ಇಲ್ಲ, ರೈಲಿನ ಸದ್ದೇ ಸಂಗೀತ. ಆ ಹೆಂಗಸು ಉಗುರು ಉಜ್ಜುತ್ತಿರುವ ಸದ್ದು ಹಾಗೇ ರೈಲಿನ ಚಕ್ರದ ಸದ್ದಾಗಿ ಬದಲಾಗುತ್ತದೆ. ಕಿರಿದಾದ ಓಣಿಯಲ್ಲಿ ಒಬ್ಬ ದಪ್ಪ ಮನುಷ್ಯ ಅಡ್ಡ ನಿಂತರೆ ಸಾಕು, ಎದೆ ಬಡಿತ ಶುರು. ಕತೆಯ ತಿರುವು ಹೇಳಲ್ಲ. ನೀವೂ ಯಾರಿಂದಲೂ ಕೇಳಬೇಡಿ, ಇಂಟರ್ನೆಟ್ಟಿನಲ್ಲಿ ಹುಡುಕಲೂ ಬೇಡಿ.

ಎರಡನೆಯದು ‘ಗನ್ ಕ್ರೇಜಿ’ (1950). ಬಂದೂಕಿನ ಹುಚ್ಚಿರುವ ಒಬ್ಬ ಹುಡುಗ, ಅವನಿಗಿಂತ ಜಾಸ್ತಿ ಹುಚ್ಚಿರುವ ಒಬ್ಬ ಹುಡುಗಿ. ನಿರ್ದೇಶಕ ಜೋಸೆಫ್ ಲೂಯಿಸ್. ‘ದಿ ಬಿಗ್ ಕಾಂಬೊ’ ಕೂಡ ಇವರದ್ದೇ. ಇದರಲ್ಲಿ ಬ್ಯಾಂಕ್ ದರೋಡೆಯ ಶಾಟ್ ಒಂದಿದೆ. ಕ್ಯಾಮೆರಾ ಕಾರಿನ ಹಿಂದಿನ ಸೀಟಿನಲ್ಲಿದೆ. ಇಬ್ಬರೂ ಪೇಟೆಗೆ ಬರುತ್ತಾರೆ, ಪಾರ್ಕಿಂಗ್ ಸಿಗುತ್ತೋ ಇಲ್ಲವೋ ಅಂತ ಗೊಣಗುತ್ತಾರೆ, ಅವನು ಒಳಗೆ ಹೋಗುತ್ತಾನೆ. ಅವಳು ಹೊರಗಿಳಿದು ಪೊಲೀಸಿನವನನ್ನು ಮಾತಿಗೆ ಎಳೆಯುತ್ತಾಳೆ. ಅವನು ಓಡಿ ಬರುತ್ತಾನೆ, ಕಾರು ಹಾರುತ್ತದೆ. ಮೂರು ನಿಮಿಷಕ್ಕೂ ಹೆಚ್ಚು, ಒಂದೇ ಒಂದು ಕಟ್ ಇಲ್ಲ. ನಿಜವಾದ ಪೇಟೆಯಲ್ಲಿ ತೆಗೆದದ್ದು, ಕ್ಯಾಲಿಫೋರ್ನಿಯಾದ ಮಾಂಟ್ರೋಸ್‌ನಲ್ಲಿ. ಬ್ಯಾಂಕಿನ ಒಳಗೆ ಕ್ಯಾಮೆರಾ ಹೋಗುವುದೇ ಇಲ್ಲ. ಬ್ಯಾಂಕಿನ ಸೆಟ್ಟು ಬೇಡ, ಹತ್ತಾರು ಸಹನಟರು ಬೇಡ, ನಾಲ್ಕು ದಿನದ ಶೂಟಿಂಗ್ ಬೇಡ. ಅದರ ಬದಲು ನೀವೇ ಕಾರಿನಲ್ಲಿ ಕೂತು ಕಾಯುತ್ತೀರಿ, ಮೂರನೇ ಕಳ್ಳರಾಗಿ.

ಇದರ ಚಿತ್ರಕತೆಯ ಹಿಂದೆ ಇನ್ನೊಂದು ಕತೆ ಇದೆ. ಡಾಲ್ಟನ್ ಟ್ರಂಬೊ ಎಂಬ ಹೆಸರಾಂತ ಲೇಖಕರನ್ನು ಕಮ್ಯುನಿಸ್ಟ್ ಅಂತ ಹಾಲಿವುಡ್ ಕಪ್ಪುಪಟ್ಟಿಗೆ ಸೇರಿಸಿತ್ತು. ಅವರು ಈ ಚಿತ್ರಕ್ಕೆ ಕೆಲಸ ಮಾಡಿದರು, ಆದರೆ ತೆರೆಯ ಮೇಲೆ ಬಂದದ್ದು ಮಿಲರ್ಡ್ ಕೌಫ್‌ಮನ್ ಹೆಸರು. ದೊಡ್ಡ ಸ್ಟುಡಿಯೊ ಬಾಗಿಲು ಹಾಕಿದವರಿಗೆ ಸಣ್ಣ ನಿರ್ಮಾಪಕರ ಹಿತ್ತಲ ಬಾಗಿಲು ತೆರೆದಿತ್ತು, ಸಂಬಳ ಕಡಿಮೆ ಆದರೂ.

ಆಮೇಲೆ ‘ದಿ ಹಿಚ್-ಹೈಕರ್’ (1953). ನಿರ್ದೇಶಕಿ ಐಡಾ ಲುಪಿನೊ. ಮೊದಲು ತಾರೆ, ಆಮೇಲೆ ಸ್ವಂತ ಸಂಸ್ಥೆ ಕಟ್ಟಿ ನಿರ್ದೇಶನಕ್ಕಿಳಿದರು. ಆಗ ಹಾಲಿವುಡ್‌ನಲ್ಲಿ ಇನ್ನೊಬ್ಬ ಮಹಿಳಾ ನಿರ್ದೇಶಕಿಯನ್ನು ಹುಡುಕುವುದೇ ಕಷ್ಟ. ಮೀನು ಹಿಡಿಯಲು ಹೊರಟ ಇಬ್ಬರು ಸ್ನೇಹಿತರು ಕಾರಿಗೆ ಒಬ್ಬನನ್ನು ಹತ್ತಿಸಿಕೊಳ್ಳುತ್ತಾರೆ. ಅವನ ಕೈಯಲ್ಲಿ ಪಿಸ್ತೂಲು. ಅವನ ಒಂದು ಕಣ್ಣಿನ ರೆಪ್ಪೆ ಮುಚ್ಚುವುದೇ ಇಲ್ಲ. ಮಲಗಿದ್ದಾನೋ ಎದ್ದಿದ್ದಾನೋ ಗೊತ್ತಾಗಲ್ಲ! ರಾತ್ರಿಯೆಲ್ಲ ಆ ಕಣ್ಣನ್ನೇ ನೋಡುತ್ತ ಕೂತಿರಬೇಕು. ಮೆಕ್ಸಿಕೊದವರು ಸ್ಪ್ಯಾನಿಷ್ ಮಾತಾಡುವಾಗ ಕೆಳಗೆ ಅನುವಾದ ಹಾಕಿಲ್ಲ. ಕೊಲೆಗಾರನಿಗೂ ಆ ಭಾಷೆ ಬರಲ್ಲ, ನಮಗೂ ಬರಲ್ಲ, ಅದಕ್ಕೇ ಅವನಿಗೆ ಸಿಟ್ಟು. ಈ ಸಿನಿಮಾದ ಬಹುಪಾಲು ನಡೆಯುವುದು ಮರುಭೂಮಿಯ ಸುಡುಬಿಸಿಲಿನಲ್ಲಿ. ನ್ವಾರ್ ಅಂದರೆ ನೆರಳು, ಮಳೆ, ಹ್ಯಾಟು ಅಂತ ಯಾರಾದರೂ ಹೇಳಿದರೆ ಅವರಿಗೆ ಇದನ್ನು ತೋರಿಸಿ.

‘ಡಿ.ಒ.ಎ.’ (1950) ಕೂಡ ನಿಮಗೆ ಸಿಗುತ್ತದೆ. ಒಬ್ಬ ಪೊಲೀಸ್ ಠಾಣೆಗೆ ಬಂದು ಕೊಲೆ ಆಗಿದೆ ಅನ್ನುತ್ತಾನೆ. ಯಾರ ಕೊಲೆ? ನನ್ನದೇ. ಇದಕ್ಕಿಂತ ಒಳ್ಳೆ ಶುರು ನಾನು ಕಂಡಿಲ್ಲ. ಆದರೆ ಹೋಟೆಲಿನ ದೃಶ್ಯದಲ್ಲಿ ಹೆಂಗಸರು ಕಂಡಾಗಲೆಲ್ಲ ಹಿನ್ನೆಲೆಯಲ್ಲಿ ಒಂದು ಕಾಮಿಡಿ ಸೀಟಿ ಕೇಳಿಬರುತ್ತದೆ, ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಇದಕ್ಕೂ ಬಡತನಕ್ಕೂ ಸಂಬಂಧ ಇಲ್ಲ, ಬರೀ ಕೆಟ್ಟ ಅಭಿರುಚಿ. ಇಂಥವೂ ಇವೆ. ಪಟ್ಟಿಯಲ್ಲಿರುವ ಎಲ್ಲವೂ ರತ್ನ ಅಂತ ಯಾರು ಹೇಳಿದರೂ ನಂಬಬೇಡಿ. ಹತ್ತು ನೋಡಿದರೆ ಆರು ಮರೆತುಹೋಗುತ್ತವೆ.

ಒಂದು ಮಾತು ಪ್ರಿಂಟ್ ಬಗ್ಗೆ. ನೀವು ನೋಡಿದ ಮಸುಕು ಸಿನಿಮಾದ್ದಲ್ಲ. ಅಮೆರಿಕದ ಹಳೇ ಕಾನೂನಿನ ಪ್ರಕಾರ 28 ವರ್ಷ ಆದಮೇಲೆ ಹಕ್ಕು ನವೀಕರಿಸಬೇಕಿತ್ತು. ಇಂಥ ಪುಟ್ಟ ಚಿತ್ರಗಳ ಕಾಗದಪತ್ರ ನೋಡಿಕೊಳ್ಳುವವರೇ ಇರಲಿಲ್ಲ, ಎಷ್ಟೋ ಚಿತ್ರಗಳ ಹಕ್ಕು ಹಾಗೇ ಬಿದ್ದುಹೋಯಿತು. ‘ಡಿಟೂರ್’, ‘ಡಿ.ಒ.ಎ.’, ‘ದಿ ಹಿಚ್-ಹೈಕರ್’ ಮೂರೂ ಹೀಗೆ ಸಾರ್ವಜನಿಕ ಸ್ವತ್ತಾದವು. ಹಾಗಾಗಿ ಪುಕ್ಕಟೆ ಸಿಗುತ್ತವೆ. ಹಾಗಾಗಿಯೇ ಪ್ರತಿಯ ಪ್ರತಿಯ ಪ್ರತಿ ಕೂಡ ಓಡಾಡುತ್ತಿದೆ. ನ್ವಾರ್‌ನಲ್ಲಿ ಕಪ್ಪು ಕಪ್ಪಾಗಿಯೇ ಇರಬೇಕು. ಕೆಟ್ಟ ಪ್ರತಿಯಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿದರೆ ಉಳಿಯುವುದೇನು? ‘ಡಿಟೂರ್’ ಅನ್ನು 2018ರಲ್ಲಿ ಚೆನ್ನಾಗಿ ಪುನರುಜ್ಜೀವನ ಮಾಡಿದ್ದಾರೆ. ಅದು ಸಿಕ್ಕರೆ ಮತ್ತೊಮ್ಮೆ ನೋಡಿ. ಶುರುವಿನಲ್ಲೇ ಹೋಟೆಲಿನ ಬೆಳಕು ಇಳಿದು, ಆಲ್‌ನ ಕಣ್ಣಿನ ಮೇಲೆ ಮಾತ್ರ ಒಂದು ಪಟ್ಟಿ ಉಳಿಯುತ್ತದೆ. ನಿಮ್ಮ ಪ್ರತಿಯಲ್ಲಿ ಅದು ಕಂಡೇ ಇರಲಾರದು. ನೋಡುವಾಗ ಕೋಣೆಯ ಲೈಟು ಆರಿಸಿ. ಸಬ್‌ಟೈಟಲ್ ಹಾಕಿಕೊಳ್ಳಿ, ಆ ಕಾಲದ ಬೀದಿ ಇಂಗ್ಲಿಷು ಭಾರಿ ವೇಗ.

ಅಮ್ಮನ ಜೊತೆ ಧಾರಾಳವಾಗಿ ನೋಡಬಹುದು. ಆಗ ಹಾಲಿವುಡ್‌ನಲ್ಲಿ ಹೇಸ್ ಕೋಡ್ ಅಂತ ಬಿಗಿ ನಿಯಮಾವಳಿ ಇತ್ತು. ರಕ್ತ, ಅಶ್ಲೀಲ ಇರುವುದಿಲ್ಲ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ‘ಡಿಟೂರ್’ ಕೊನೆಯಲ್ಲಿ ಪೊಲೀಸ್ ಕಾರು ಬಂದು ನಿಲ್ಲುವುದೂ ಆ ಲೆಕ್ಕಕ್ಕೇ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ ‘ಗನ್ ಕ್ರೇಜಿ’ ಹಾಕಿ. ಆ ಬ್ಯಾಂಕಿನ ಶಾಟ್ ಬಂದಾಗ ನೀವು ತೆರೆ ನೋಡಬೇಡಿ, ಅಮ್ಮನ ಮುಖ ನೋಡಿ. ‘ಒಳಗೆ ಏನಾಗ್ತಿದೆಯೋ, ಇನ್ನೂ ಬರಲಿಲ್ಲವಲ್ಲೋ’ ಅಂತ ಅವರೇ ಕೇಳುತ್ತಾರೆ.